ಬೋಳು ರಾಜನ ಕಾಯಿದೆ

ಬೂದಿಕೋಟೆ
ತಾರೀಕು ೧೪–೧೧–೧೯೮೯, ಮಂಗಳವಾರ

ಶಿಡ್ಲಘಟ್ಟದಲ್ಲಿ ಬಿಸಿನೀರಿಗೆ ಕೈಹಾಕಿ ರೇಷ್ಮೆ ನೂಲು ತೆಗೆಯುತ್ತಿರುವ ನನ್ನ ಅಕ್ಕನ ಮಗಳು ಆದಿಲಕ್ಷ್ಮಿಗೆ, ಹಾಲಿನ ಕೋದಂಡಪ್ಪ ಎಂಬ ನಿನ್ನ ಸೋದರಮಾವ ದೂರದಿಂದಲೇ ತಲೆ ಮೇಲೆ ಕೈಯಿಟ್ಟು ಬರೆಯುವುದು.

ಮೊದಲು ಸಂತೋಷದ ಸಮಾಚಾರ. ಮೈಸೂರು ಮೈನ್ಸ್ ಚಿನ್ನದ ಗಣಿಯಿಂದ ಹಿಡಿದು ರಷ್ಯಾ ದೇಶದವರೆಗೆ ಚದುರಂಗದಲ್ಲಿ ನಿನ್ನ ಮಾವನನ್ನು ಸೋಲಿಸುವ ಮನುಷ್ಯ ಇನ್ನೂ ಹುಟ್ಟಿಲ್ಲ. ಹೋದ ತಿಂಗಳು ರಷ್ಯಾದಿಂದ ಇಬ್ಬರು ಕೋಟು ಹಾಕಿಕೊಂಡು ಬಂದರಂತೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದು, ಟೀ ಕುಡಿದು, ಇಲ್ಲಿ ಕೋದಂಡಪ್ಪ ಅನ್ನುವವರು ಇನ್ನೂ ಆಡುತ್ತಾರಾ ಎಂದು ವಿಚಾರಿಸಿ, ಆಡುತ್ತಾರೆ ಎಂದು ತಿಳಿದ ಮೇಲೆ ಅದೇ ರೈಲಿಗೆ ವಾಪಸ್ಸು ಹತ್ತಿದರಂತೆ. ಟೀ ಮಾರುವವನೇ ಸಾಕ್ಷಿ. ಬೇಕಾದರೆ ಬಂದು ಕೇಳು.

ಕಾಗದದ ಹಿಂಭಾಗದಲ್ಲಿ ರೇಡಿಯೋ ಚಿತ್ರ, ಅಂಗಡಿ ಹೆಸರು ಇರುವುದನ್ನು ನೋಡಿ ಬೆರಗಾಗಬೇಡ. ನನ್ನ ಹೆಸರು ಅಚ್ಚಾದ ಕಾಗದ ಮುಗಿದಿತ್ತು. ನಾನೇ ಬಂದು ಹೇಳಬಹುದಿತ್ತು, ಆದರೆ ಹೊಲದಲ್ಲಿ ಜಾಲಿಮುಳ್ಳು ಚುಚ್ಚಿ ಬಲಗಾಲು ಹಲಸಿನಕಾಯಿ ಆಗಿದೆ. ಅದಕ್ಕೇ ಈ ಕಾಗದ.

ನಿನ್ನ ಎರಡು ಕಾಗದವೂ ಸೇರಿದವು. ಎರಡರಲ್ಲೂ ಒಂದೇ ಪ್ರಶ್ನೆ: ಅಮ್ಮನ ಕಣ್ಣಿನ ಆಪರೇಷನ್ ಆಯಿತಾ, ಅಮ್ಮನಿಗೆ ಈಗ ಕಾಣುತ್ತಾ. ಆ ವಿಷಯಕ್ಕೇ ಬರುತ್ತಿದ್ದೇನೆ. ಅವಸರ ಮಾಡಬೇಡ. ದೊಡ್ಡ ಆಟದಲ್ಲಿ ಮೊದಲ ನಡೆಗೇ ರಾಜನನ್ನು ಹೊರಗೆ ತರುವುದಿಲ್ಲ.

ಆಂಡರ್ಸನ್‌ಪೇಟೆಯಲ್ಲಿ ನಾನು ಹಾಲು ಹಾಕುವ ಮನೆಗಳ ಬೀದಿಯಲ್ಲೇ ಆರುಮುಗಂ ಎಂಬವನ ರೇಡಿಯೋ ರಿಪೇರಿ ಅಂಗಡಿ ಇದೆ. ಗಣಿ ಬಂಗಲೆಯ ಆಂಗ್ಲೋ-ಇಂಡಿಯನ್ ಒಬ್ಬರು ಆಸ್ಟ್ರೇಲಿಯಾಕ್ಕೆ ಹೊರಡುವಾಗ ಹಳೇ ರೇಡಿಯೋಗಳ ಜೊತೆ ಅವನಿಗೆ ಒಂದು ವಸ್ತು ಮಾರಿಹೋದರು. ನೋಡಲಿಕ್ಕೆ ಚದುರಂಗದ ಹಾಸೇ, ಆದರೆ ಒಳಗೆ ಕಂಪ್ಯೂಟರು. ನಾವು ಕಾಯಿಯನ್ನು ಮನೆಯ ಮೇಲೆ ಒತ್ತಿ ಇಟ್ಟರೆ ಅದು ಕೀಂ ಅನ್ನುತ್ತದೆ. ಆಮೇಲೆ ಯೋಚಿಸುತ್ತದೆ. ಯೋಚಿಸುವಾಗ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಕೊನೆಗೆ ಅಂಚಿನಲ್ಲಿ ಎರಡು ದೀಪ ಹತ್ತಿಸಿ, ನನ್ನ ಕಾಯಿ ಇಂಥ ಮನೆಗೆ ಇಡು ಎಂದು ನಮಗೇ ಕೆಲಸ ಹೇಳುತ್ತದೆ. ಕೈಯಿಲ್ಲ, ಬಾಯಿಲ್ಲ, ದೌಲತ್ತು ಮಾತ್ರ ಜಮೀನ್ದಾರನದು.

ಆರುಮುಗಂ ಅದರ ಮೇಲೆ ಪಂದ್ಯ ಕಟ್ಟಿಸುತ್ತಿದ್ದ. ಯಂತ್ರ ಗೆದ್ದರೆ ನಿನ್ನ ದುಡ್ಡು ಅವನಿಗೆ. ಯಂತ್ರ ಗೆಲ್ಲದಿದ್ದರೆ, ಆಟ ಸಮ ಆದರೂ ಸರಿ, ನಿನಗೆ ಎರಡರಷ್ಟು. ಮೊದಲ ದಿನ ಹಾಲಿನ ಕ್ಯಾನು ಕೆಳಗಿಟ್ಟು ನಾನು ಅದರ ಮುಂದೆ ಕೂತಾಗ ಅವನು ನಕ್ಕ. "ವೇಣಾಂ, ಬೇಡ ಅಣ್ಣೇ, ಅದು ಹಾಲಲ್ಲ, ನೀರು ಬೆರೆಸಿ ಗೆಲ್ಲಾಕೆ" ಎಂದ. ನನ್ನ ಹಾಲಿನ ಬಗ್ಗೆ ಆಂಡರ್ಸನ್‌ಪೇಟೆಯಲ್ಲಿ ಇರುವ ಅಭಿಪ್ರಾಯ ನಿನಗೆ ಗೊತ್ತೇ ಇದೆ, ಬಿಡು.

ಶುರುವಿನಲ್ಲಿ ಆ ಯಂತ್ರ ಹುಲಿ. ಹಾಸಿನ ತುಂಬ ಕಾಯಿ ಇರುವಾಗ ಅದರ ಮುಂದೆ ಯಾರೂ ನಿಲ್ಲಲಾರರು. ಆದರೆ ಕಾಯಿಗಳು ಕರಗಿ, ನಾಲ್ಕೈದು ಉಳಿದು, ಹಾಸು ಬಯಲಾದಾಗ ಅದಕ್ಕೆ ಏನೋ ಆಗುತ್ತದೆ. ಒಂದು ಸಲ, ಅತಿ ಸುಲಭದ ಮಟ್ಟದಲ್ಲಿ ಇಟ್ಟಿದ್ದಾಗ, ನನ್ನ ಕಾಲಾಳು ಮಂತ್ರಿಯಾಗಲು ಹೊರಟಿತ್ತು. ಅದನ್ನು ತಡೆಯುವ ದಾರಿ ಯಂತ್ರಕ್ಕೆ ಇರಲಿಲ್ಲ. ಆಗ ಅದು ಏನು ಮಾಡಿತು ಗೊತ್ತಾ? ತನ್ನ ಒಂದು ಕಾಲಾಳನ್ನು ಸುಮ್ಮಸುಮ್ಮನೆ ತಂದು ನನ್ನ ಬಾಯಿಗೆ ಇಟ್ಟಿತು. ಹೊಡೆದೆ. ಇನ್ನೊಂದು ಇಟ್ಟಿತು. ಹೊಡೆದೆ. ಕುದುರೆ ತಂದು ರಾಜನಿಗೆ ಚೆಕ್ ಕೊಟ್ಟಿತು, ಅದನ್ನೂ ಹೊಡೆದೆ. ಕೈಯಲ್ಲಿದ್ದದ್ದನ್ನೆಲ್ಲ ಎಸೆದಾದ ಮೇಲೆ ನನ್ನ ಕಾಲಾಳು ಆಗಬೇಕಾದದ್ದು ಆಯಿತು.

ಅಂಗಡಿ ಬೆಂಚಿನ ಮೇಲೆ ದಿನವೂ ಪೇಪರ್ ಓದುತ್ತ ಕೂರುವ ಶ್ರೀರಾಮಪ್ಪನವರು ಗಣಿಯ ಸರ್ವೆ ಆಫೀಸಿನಿಂದ ರಿಟೈರ್ ಆದವರು, ಆಟ ಬಲ್ಲವರು. ಇದಕ್ಕೇನು ಹುಚ್ಚಾ ಸ್ವಾಮಿ ಎಂದು ಕೇಳಿದೆ. ಅವರು ಹೇಳಿದರು: "ಹುಚ್ಚಲ್ಲಪ್ಪ. ಅದರ ಕಣ್ಣು ಇಷ್ಟು ನಡೆ ಮುಂದಕ್ಕೆ ಅಂತ ಲೆಕ್ಕ. ಅಷ್ಟರೊಳಗೆ ಕೇಡು ಕಾಣಿಸಿದರೆ, ಏನಾದರೂ ಕೊಟ್ಟು ಅದನ್ನ ಆಚೆಗೆ ತಳ್ತದೆ. ಕಣ್ಣಿಗೆ ಬೀಳದಷ್ಟು ದೂರ ಹೋಯ್ತಾ, ಕೇಡೇ ಹೋಯ್ತು ಅಂದ್ಕೊಳ್ತದೆ. ಮುಂದಿನ ನಡೆಗೆ ಮತ್ತೆ ಕಾಣಿಸ್ತದೆ, ಮತ್ತೆ ಏನಾದರೂ ಕೊಡ್ತದೆ."

ನಾನು ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕೆ ಆದಿ. ಎಂಥ ಪೆದ್ದ ಯಂತ್ರ ಎಂದು ಬೀದಿಯವರಿಗೆಲ್ಲ ಹೇಳಿದೆ.

ಈಗ ನಿಮ್ಮಮ್ಮನ ವಿಷಯ. ನೀನು ಗೌರಿ ಹಬ್ಬಕ್ಕೆ ಮುಂಚೆ ಕಳಿಸಿದ ಮನಿಯಾರ್ಡರಿನಲ್ಲಿ ಒಂದು ನೂರು ರೂಪಾಯಿ ನನ್ನ ಕೈಯಿಂದ ಜಾರಿತು. ಅದನ್ನು ಮುಚ್ಚಿಡುವುದಿಲ್ಲ. ನೂರು ರೂಪಾಯಿ, ಪಂದ್ಯದಲ್ಲಿ. ಅದಕ್ಕೇ ಆಪರೇಷನ್ ಸ್ವಲ್ಪ ಹಿಂದೆ ಬಿತ್ತು. ಬೈಯುವುದಿದ್ದರೆ ಇಲ್ಲಿ ಬೈದು ಮುಂದೆ ಓದು.

ಬೋಳು ರಾಜನ ಕಾಯಿದೆ ನಿನಗೆ ನೆನಪಿರಬೇಕು. ನೀನು ಚಿಕ್ಕವಳಿದ್ದಾಗ ನಮ್ಮ ಜಗುಲಿಯಲ್ಲಿ ಇದ್ದಲಿನಿಂದ ಮನೆ ಗೀಚಿ ನಿನಗೂ ಆಟ ಕಲಿಸಿದ್ದೆ. ಹುಣಸೆಬೀಜ ಕಾಲಾಳು, ಹೊಂಗೆಕಾಯಿ ಕುದುರೆ, ಬಳಪದ ತುಂಡು ರಾಜ. ನಮ್ಮೂರ ಆಟದಲ್ಲಿ ಒಬ್ಬನ ಕಾಯೆಲ್ಲ ಹೋಗಿ ರಾಜ ಒಬ್ಬನೇ ಉಳಿದರೆ ಅವನು ಬೋಳು ರಾಜ. ಬೋಳು ರಾಜನನ್ನು ಯಾರೂ ಬೆನ್ನಟ್ಟುವ ಹಾಗಿಲ್ಲ. ಎಲ್ಲ ಕಳಕೊಂಡವನಿಂದ ಇನ್ನೇನು ಕಿತ್ತುಕೊಳ್ಳುತ್ತೀಯ ಎಂದು ಅಲ್ಲಿಗೇ ಆಟ ನಿಲ್ಲಿಸಿ ಸಮ ಅನ್ನಬೇಕು. ನಾನು ನಿಮ್ಮಮ್ಮನ ಕೈಲಿ ಕಲಿತದ್ದು ಹಾಗೆ. ಬೂದಿಕೋಟೆ ಬಸ್‌ಸ್ಟ್ಯಾಂಡಿನ ಹತ್ತಿರ ಈ ಆಟ ಕೂರಿಸಿದವನೇ ನಾನಾದ್ದರಿಂದ ಊರೆಲ್ಲ ಅದೇ ಕಾಯಿದೆ. ಬೋಳಾದವನ ಬೆನ್ನು ಹತ್ತಿದವನಿಗೆ ನಮ್ಮಲ್ಲಿ ಯಾರೂ ಬೀಡಿಗೆ ಬೆಂಕಿ ಸಹ ಕೊಡುವುದಿಲ್ಲ.

ಆ ಯಂತ್ರಕ್ಕೆ ಈ ಕಾಯಿದೆ ಗೊತ್ತು ಎಂದು ನನಗೆ ಗೊತ್ತಾದದ್ದು ಶ್ರಾವಣದಲ್ಲಿ. ಹತ್ತು ರೂಪಾಯಿ ಪಂದ್ಯ. ನನ್ನದೆಲ್ಲ ಹೋಗಿ ರಾಜ ಒಬ್ಬನೇ ಮೂಲೆ ಹಿಡಿದಿದ್ದ. ಯಂತ್ರದ ಬಳಿ ಒಂದು ಒಂಟೆ, ಅಂಚಿನ ಸಾಲಿನಲ್ಲಿ ಒಂದು ಕಾಲಾಳು. ಮುಗೀತು ಎಂದು ಆರುಮುಗಂ ಕೈ ಒರೆಸಿಕೊಂಡ. ಮುಗಿಯಲಿಲ್ಲ. ಯಂತ್ರ ಒಂಟೆಯನ್ನು ಹಿಂದೆ ತಂದಿತು, ಮುಂದೆ ತಂದಿತು, ರಾಜನನ್ನು ಅತ್ತ ಕರೆದೊಯ್ದು ಇತ್ತ ಕರೆತಂದಿತು. ಕಾಲಾಳು ದಾಟಲಿಲ್ಲ. ಗಂಟೆಗಟ್ಟಲೆ ಆಯಿತು, ಕೊನೆಗೆ ಆರುಮುಗಂ ತಾನೇ ಬೇಸತ್ತು ಸಮ ಎಂದ. ಇನ್ನೊಂದು ವಾರದಲ್ಲಿ ಅದೇ ಕಥೆ. ನಾನು ಬೋಳು, ಅದರ ಹತ್ತಿರ ಎರಡೆರಡು ಕುದುರೆ. ಎರಡು ಕುದುರೆಯೂ ನನ್ನ ರಾಜನ ಸುತ್ತ ಗಾಣದೆತ್ತಿನ ಹಾಗೆ ತಿರುಗಿದ್ದೇ ತಿರುಗಿದ್ದು, ಒಂದೂ ಮೇಲೆ ಬೀಳಲಿಲ್ಲ.

ಅವತ್ತು ಊರಿಗೆ ಬಂದು ನಿಮ್ಮಮ್ಮನಿಗೆ ಹೇಳಿದೆ. ಅಕ್ಕ, ಮನುಷ್ಯರಿಗಿಲ್ಲದ ನ್ಯಾಯ ಆ ತಗಡಿಗಿದೆ, ಬೋಳು ರಾಜನನ್ನು ಮುಟ್ಟುವುದಿಲ್ಲ ಎಂದೆ. ಅವಳು ಒಲೆಯ ಮುಂದೆ ಕೂತಿದ್ದಳು. "ಓ, ಅಂಗಾ" ಎಂದಳು. ಸೌದೆಯನ್ನು ಒಲೆಯೊಳಕ್ಕೆ ನೂಕಿದಳು.

ಅಷ್ಟರಲ್ಲಿ ನಿನ್ನ ದುಡ್ಡು ಬಂತು. ಒಂದು ಕಣ್ಣಿಗೆ ಆಗುವಷ್ಟು. ಇನ್ನೊಂದು ಕಣ್ಣು ಸಂಕ್ರಾಂತಿ ಕಳೆದ ಮೇಲೆ ಮಾಡಿಸೋಣ ಮಾವ ಎಂದು ಕೂಪನ್ನಿನಲ್ಲಿ ಬರೆದಿದ್ದೆ. ಅದನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಅಂದೇ ಎರಡು ಸೀರೆ, ಒಂದು ಟವಲು, ಲೋಟ ಸೇರಿಸಿ ಗಂಟು ಕಟ್ಟಿ ಬಾಗಿಲ ಗೂಟಕ್ಕೆ ತಗುಲಿಸಿದಳು. ನಾನು ಆ ಗಂಟು ನೋಡಿಕೊಂಡೇ ಯೋಚಿಸಿದೆ. ಒಂದೇ ಕಣ್ಣು ಯಾಕೆ? ಎರಡರಷ್ಟು ಮಾಡಿದರೆ ಎರಡೂ ಕಣ್ಣು ಒಂದೇ ಸಲ ಆಗುತ್ತದಲ್ಲ. ನನ್ನ ಸೊಸೆ ಮತ್ತೆ ಬಿಸಿನೀರಿಗೆ ಕೈಹಾಕುವುದು ತಪ್ಪುತ್ತದಲ್ಲ. ನಾನು ಗೆಲ್ಲಬೇಕಾಗಿಯೂ ಇಲ್ಲ, ಬೋಳಾದರೆ ಸಾಕು. ಬೋಳಾಗುವುದು ನನಗೆ ಕಷ್ಟವೇ? ಜೀವಮಾನವೆಲ್ಲ ಅದೇ ಮಾಡಿಕೊಂಡು ಬಂದಿದ್ದೇನೆ. ಹೊಲದ ಪಾಲು ಅಣ್ಣನಿಗೆ ಬಿಟ್ಟೆ, ಹೆಂಡತಿಯನ್ನು ತವರಿಗೆ ಬಿಟ್ಟೆ. ಏನೂ ಇಲ್ಲದವನ ತಂಟೆಗೆ ಯಾರೂ ಬರುವುದಿಲ್ಲ ಎನ್ನುವುದು ನನ್ನ ಬದುಕಿನ ಮೇಲೆ ನಾನೇ ಹಾಕಿಕೊಂಡ ಮೊಹರು.

ಇಟ್ಟದ್ದು ನೂರಲ್ಲ ಆದಿ. ನಾಲ್ಕುನೂರು.

ಆರುಮುಗಂ ಬೇಡ ಎಂದ, ಅದನ್ನು ಹೇಳದಿದ್ದರೆ ಪಾಪ. "ಅಷ್ಟೊಂದು ಯಾಕಣ್ಣೇ, ಹತ್ತು ಇಪ್ಪತ್ತು ಆಡಿ ಹೋಗಿ" ಎಂದ. ನಿನ್ನ ಯಂತ್ರಕ್ಕೆ ಜ್ವರ ಬಂದಿದೆಯೇನೋ ಎಂದು ನಾನೇ ಕೆಣಕಿದೆ. ಬೆಂಚಿನ ಮೇಲಿನ ನಾಲ್ಕು ಜನ ನಕ್ಕರು. ಅವನ ಮುಖ ಬಿಗಿಯಿತು. ಕೂರಿ ಎಂದ.

ಆಟ ಚೆನ್ನಾಗಿಯೇ ನಡೆಯಿತು. ಕೊನೆಗೆ ನನ್ನ ಬಳಿ ರಾಜ, ಪಕ್ಕದಲ್ಲೇ ಒಂದು ಕಾಲಾಳು. ಅದು ಇನ್ನೊಂದು ಹೆಜ್ಜೆ ಇಟ್ಟರೆ ಮಂತ್ರಿ. ಯಂತ್ರದ ಬಳಿ ಒಂದು ಆನೆ, ಎಲ್ಲೋ ದೂರದಲ್ಲಿ ಅದರ ರಾಜ. ಶ್ರೀರಾಮಪ್ಪನವರು ಪೇಪರು ಮಡಚಿ ಎದ್ದು ಬಂದು ನಿಂತರು. ನಾನು ಎಲ್ಲರ ಮುಖ ನೋಡಿದೆ. ಮಂತ್ರಿ ಮಾಡಿ ಮತ್ತೆ ಗುದ್ದಾಡುವ ತಂಟೆ ಯಾಕೆ ಎಂದುಕೊಂಡು, ಬೇಕೆಂದೇ ನನ್ನ ರಾಜನನ್ನು ಆ ಕಾಲಾಳಿನಿಂದ ದೂರ ಸರಿಸಿದೆ. ಆನೆ ಬಂದು ಅದನ್ನು ತಿಂದಿತು. ನಾನು ಹೆಗಲ ಮೇಲಿನ ಟವಲು ಕೊಡವಿಕೊಂಡು ಎದ್ದೆ. "ಬೋಳು ರಾಜ. ಸಮ. ಎಣಿಸಪ್ಪ ದುಡ್ಡು" ಎಂದೆ.

ಯಂತ್ರ ಮಾತ್ರ ನನ್ನ ನಡೆಗೆ ಕಾಯುತ್ತ ಕೂತಿತ್ತು. ನಿಮ್ಮ ನಡೆ ಇನ್ನೂ ಇದೆ ಅಣ್ಣೇ ಎಂದು ಆರುಮುಗಂ ಮೆಲ್ಲಗೆ ಹೇಳಿದ. ಕೂತೆ. ನಡೆದೆ. ಆನೆ ಒಂದು ಸಾಲು ಮುಚ್ಚಿತು. ಇನ್ನೊಂದು ನಡೆ ನಡೆದೆ. ಅದರ ರಾಜ ಒಂದು ಹೆಜ್ಜೆ ಹತ್ತಿರ ಬಂದ. ಯಂತ್ರಕ್ಕೆ ಅವಸರವೇ ಇರಲಿಲ್ಲ. ಗೋಡೆ ಕಟ್ಟುವವನು ಒಂದೊಂದೇ ಇಟ್ಟಿಗೆ ಇಡುವ ಹಾಗೆ ಸಾಲು ಮುಚ್ಚುತ್ತ ಬಂತು. ಈಗ ಬಿಡುತ್ತದೆ, ಇನ್ನೊಂದು ನಡೆಗೆ ಬಿಡುತ್ತದೆ ಎಂದು ನಾನು ಕಾಯುತ್ತಲೇ ಇದ್ದೆ. ಅಂಚಿಗೆ ತಂದು, ಮೂಲೆಗೆ ನೂಕಿ ಕೊಂದಿತು. ಕೊಂದ ಮೇಲೆ ಒಂದು ರಾಗ ಹಾಡುತ್ತದೆ ಅದು. ಆ ರಾಗ ನಾನು ಹಾಲು ಅಳೆಯುವಾಗಲೂ ಕಿವಿಯಲ್ಲಿರುತ್ತದೆ.

ಇದು ಮೋಸ, ಹಿಂದೆ ಎರಡು ಸಲ ಬಿಟ್ಟಿತ್ತಲ್ಲ ಎಂದು ನಾನು ಕೂಗಾಡಿದೆ. ಶ್ರೀರಾಮಪ್ಪನವರು ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು. ಒಂಟೆ ಓರೆಯಾಗಿ ನಡೆಯುವ ಪ್ರಾಣಿ, ಬಿಳಿ ಮನೆಯದು ಎಂದೆಂದಿಗೂ ಬಿಳಿ ಮನೆಯಲ್ಲೇ. ಅವತ್ತು ನಾನು ನಿಂತಿದ್ದ ಮೂಲೆ ಕಪ್ಪು. ಅದು ನನ್ನನ್ನು ಅಲ್ಲಿಂದ ಎಬ್ಬಿಸುವುದು ಸಾಧ್ಯವೇ ಇರಲಿಲ್ಲ. ಸಾಧ್ಯವಿಲ್ಲ ಎನ್ನುವುದೂ ಯಂತ್ರಕ್ಕೆ ಗೊತ್ತಿರಲಿಲ್ಲ. ಒಂದು ಒಂಟೆ, ಒಂದು ಕಾಲಾಳು ಹೆಚ್ಚಿಗೆ ಇದೆ, ಗೆಲ್ಲುತ್ತಿದ್ದೇನೆ ಎಂದೇ ಲೆಕ್ಕ ಹಾಕಿಕೊಂಡು ಅಲೆಯುತ್ತಿತ್ತು. ಎರಡು ಕುದುರೆಯ ಕಥೆಯೂ ಅಷ್ಟೇ. ನಾವೇ ತಪ್ಪು ನಡೆಯದಿದ್ದರೆ, ಬರೀ ಎರಡು ಕುದುರೆಯಿಂದ ಒಂಟಿ ರಾಜನನ್ನು ಕಟ್ಟಿಹಾಕಲು ಯಾರಿಂದಲೂ ಆಗುವುದಿಲ್ಲವಂತೆ. "ಅದು ನಿನ್ನ ಬಿಟ್ಟಿದ್ದಲ್ಲಯ್ಯಾ ಕೋದಂಡಪ್ಪ, ಅದರ ಕೈಲಿ ಆಗಲಿಲ್ಲ ಅಷ್ಟೇ. ಆನೆ ಇದ್ದರೆ ಆಗ್ತದೆ" ಎಂದರು. ಹೇಳಬೇಕೋ ಬೇಡವೋ ಎಂದು ನೋಡಿ, ಇನ್ನೊಂದು ಮಾತು ಹೇಳಿದರು. ಆ ಕಾಲಾಳನ್ನು ನಾನು ಒಂದು ಹೆಜ್ಜೆ ತಳ್ಳಿದ್ದರೆ, ಹೊಸ ಮಂತ್ರಿಯನ್ನು ಹೊಡೆಯಲು ಯಂತ್ರ ತನ್ನ ಆನೆಯನ್ನೇ ಕೊಡಬೇಕಿತ್ತು. ನನ್ನ ರಾಜ ಆ ಆನೆಯನ್ನು ಹೊಡೆಯುತ್ತಿದ್ದ. ಎರಡು ಕಡೆಯೂ ಬೋಳು ರಾಜ. ಆಟ ನಿಜವಾಗಿ ಸಮ. ದುಡ್ಡು ಎರಡರಷ್ಟು.

ಒಂದು ಹೆಜ್ಜೆ, ಆದಿ.

ಆರುಮುಗಂ ಅರ್ಧ ದುಡ್ಡು ವಾಪಸ್ಸು ಹಿಡಿದು ಬೀದಿಯ ತುದಿಯವರೆಗೂ ನನ್ನ ಹಿಂದೆ ಬಂದ. ಸೋತದ್ದನ್ನು ಕೈಚಾಚಿ ಈಸಿಕೊಳ್ಳುವ ವಂಶ ನಮ್ಮದಲ್ಲ ಎಂದೆ. ಕ್ಯಾನು ಎತ್ತಿಕೊಂಡು ಬಸ್ಸು ಹತ್ತಿದೆ. ಆ ದುಡ್ಡಿನಲ್ಲಿ ಅರ್ಧ ಕಣ್ಣಾದರೂ ಇತ್ತು ಎನ್ನುವುದು ಹೊಳೆದದ್ದು ಬೂದಿಕೋಟೆಯಲ್ಲಿ ಇಳಿದ ಮೇಲೆ.

ಇಟ್ಟದ್ದು ನಾಲ್ಕುನೂರೂ ಅಲ್ಲ. ನೀನು ಕಳಿಸಿದ್ದಷ್ಟೂ. ಒಂಬೈನೂರು.

ಇನ್ನು ಮುಂದಿನದನ್ನು ಹೇಗೆ ಬರೆಯಬೇಕೋ ತಿಳಿಯದು. ಆಷಾಢದಲ್ಲಿ ನಾನು ಅಕ್ಕನನ್ನು ದೊಡ್ಡ ಕಣ್ಣಾಸ್ಪತ್ರೆಗೆ ಕರಕೊಂಡು ಹೋಗಿದ್ದೆನಲ್ಲ, ಆಗ ನಿನಗೆ ಬರೆದದ್ದು ಪೊರೆ ಬಂದಿದೆ, ಎಲ್ಲ ವಯಸ್ಸಾದವರಿಗೂ ಬರುವುದೇ, ಅವಸರವಿಲ್ಲ ಎಂದು. ಡಾಕ್ಟರಮ್ಮ ಹೇಳಿದ್ದು ಅದಲ್ಲ. ಪೊರೆ ಅಲ್ಲಪ್ಪ, ಕಣ್ಣೊಳಗೆ ಒತ್ತಡ ಏರಿದೆ, ನರ ಒಣಗುತ್ತಿದೆ. ಅಂಚಿನಿಂದ ಕತ್ತಲೆ ಮುಚ್ಚಿಕೊಂಡು ಬರುತ್ತದೆ, ಕೊನೆಗೆ ಕೊಳವೆಯಲ್ಲಿ ನೋಡಿದ ಹಾಗೆ ನಡುವೆ ಅಷ್ಟೇ ಕಾಣುತ್ತದೆ, ಆಮೇಲೆ ಅದೂ ಇಲ್ಲ. ಹೋದದ್ದು ಮತ್ತೆ ಬರುವುದಿಲ್ಲ, ಇರುವುದನ್ನು ಉಳಿಸಬಹುದು, ಬೇಗ ಬನ್ನಿ. ಹೀಗೆ ಅವರು ಹೇಳಿದ್ದು. ನಿನಗೆ ಗಾಬರಿಯಾಗದಿರಲಿ ಎಂದು ನಾನು ಅದನ್ನು ಪೊರೆ ಮಾಡಿ ಬರೆದೆ. ಅದು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಹಾಗೆಂದು ಈಗಲೂ ಹೇಳಬಲ್ಲೆ. ಆದರೆ ಪೊರೆ ಎಂದು ಬರೆಯದಿದ್ದರೆ ನೀನೇ ಓಡಿ ಬರುತ್ತಿದ್ದೆ.

ಸೋತ ಮೇಲೆ ಅಕ್ಕ ದಿನಾ ಬೆಳಿಗ್ಗೆ ಕೇಳುವಳು, "ಇವತ್ತು ಓಗಾನೇನ್ಲಾ?" ಡಾಕ್ಟರಮ್ಮ ರಜೆ ಎಂದೆ. ಅದು ಒಂದು ಕಾಲಾಳು. ಮಹಾಲಯ ಪಕ್ಷ, ಕಣ್ಣಿಗೆ ಕತ್ತರಿ ಹಾಕಿಸಬಾರದು ಎಂದೆ. ಇನ್ನೊಂದು. ದೀಪಾವಳಿ ಕಳೆಯಲಿ ಎಂದೆ, ಎಲೆಕ್ಷನ್ ಗಲಾಟೆಗೆ ಬಸ್ಸುಗಳನ್ನೆಲ್ಲ ಹಿಡಿದುಬಿಟ್ಟಿದ್ದಾರೆ ಎಂದೆ. ಒಂದೊಂದು ಸುಳ್ಳು ಹೇಳಿದಾಗಲೂ ಎದೆ ಹಗುರಾಗುತ್ತಿತ್ತು, ನಿಜವಾಗಿಯೂ ಕೇಡು ತಪ್ಪಿತು ಅನ್ನಿಸುತ್ತಿತ್ತು. ನಡುವೆ ಕಣ್ಣಿನ ತೊಟ್ಟಿನ ಔಷಧಿಗೆಂದು ನಿನ್ನಿಂದ ಇನ್ನೂ ಮುನ್ನೂರೈವತ್ತು ತರಿಸಿದೆ. ಅದನ್ನು ಗೆದ್ದು ಎಲ್ಲ ಸರಿಮಾಡುತ್ತೇನೆ ಎಂದು ಮತ್ತೆ ಆ ದೀಪದ ಮುಂದೆ ಕೂತೆ. ಅದೂ ಅಲ್ಲೇ. ಶ್ರೀರಾಮಪ್ಪನವರ ಮಾತಿಗೆ ಹೊಟ್ಟೆ ಹಿಡಿದು ನಕ್ಕಿದ್ದೆನಲ್ಲ, ಆ ಪೆದ್ದ ಯಂತ್ರ ಯಾರೆಂದು ಈಗ ನಿನಗೂ ಗೊತ್ತಾಗಿರಬೇಕು. ಈ ಕಾಗದದಲ್ಲೇ ನೋಡು, ಮೊದಲು ನೂರು ಕೊಟ್ಟೆ, ಆಮೇಲೆ ನಾಲ್ಕುನೂರು ಕೊಟ್ಟೆ.

ನಾನು ಕಾಣದವನ ಹಾಗೆ ಇದ್ದೆನೇ ಹೊರತು ಕಾಣಲಿಲ್ಲ ಎಂದಲ್ಲ. ಒಂದು ದಿನ ಅಕ್ಕ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಅಕ್ಕಿಕಾಳನ್ನು ಹೆಕ್ಕಿ ಹೆಕ್ಕಿ ಅಂಗಳಕ್ಕೆ ಎಸೆಯುತ್ತಿದ್ದಳು, ಕಲ್ಲೆಲ್ಲ ಮೊರದಲ್ಲೇ ಇತ್ತು. ಕೋಳಿಗಳು ಅವಳ ಸುತ್ತ ಜಾತ್ರೆ ಮಾಡಿಕೊಂಡಿದ್ದವು. ಅವತ್ತು ಅನ್ನದಲ್ಲಿ ಬಂದ ಕಲ್ಲುಗಳನ್ನು ನಾನು ಶಬ್ದ ಆಗದ ಹಾಗೆ ನುಂಗಿದೆ.

ಪಕ್ಕದ ಮನೆ ಪಾಪಕ್ಕ ನುಂಗುವವಳಲ್ಲ. ಹೋದ ಬುಧವಾರ ಬಾಗಿಲಿಗೆ ಬಂದು, "ಏನಯ್ಯಾ ಕೋದಂಡಪ್ಪ, ಅವಳು ನನ್ನ ಮಕ ನೋಡಿ ಯಾರು ಅಂತ ಕೇಳ್ತಾ ಅವಳೆ, ನೀನು ಗಂಟು ಕಾಯ್ಕಂಡು ಕೂತಿದ್ದೀಯಾ?" ಎಂದು ತನ್ನ ದುಡ್ಡಲ್ಲೇ ನಮ್ಮಿಬ್ಬರನ್ನೂ ಆಸ್ಪತ್ರೆಗೆ ಎಳಕೊಂಡು ಹೋದಳು. ಡಾಕ್ಟರಮ್ಮ ನನ್ನನ್ನು ಗುರುತು ಹಿಡಿದರು. ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರು. ಅಕ್ಕನೇ ಉತ್ತರ ಕೊಟ್ಟಳು, ನೀವು ರಜೆ ಮೇಲಿದ್ರಲ್ಲ ತಾಯಿ ಎಂದು. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತ ನಿಂತೆ.

ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿಗೆ ದೀಪ ಹಿಡಿದರೆ ದೀಪ ಇದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಇನ್ನು ಆಪರೇಷನ್ ಮಾಡಿದರೂ ನೋಟ ಬರುವುದಿಲ್ಲ. ನೀನು ಎಷ್ಟು ದುಡ್ಡು ಕಳಿಸಿದರೂ ಬರುವುದಿಲ್ಲ. ಇದೇ ನಿನ್ನ ಪ್ರಶ್ನೆಗೆ ಉತ್ತರ. ಇಷ್ಟು ದೂರ ಸುತ್ತಿ ಬಂದು ಹೇಳಿದೆ.

ಮನೆಗೆ ಬಂದ ಮೇಲೆ ಅಕ್ಕ ಗೂಟದ ಗಂಟು ಇಳಿಸಿ ಬಿಚ್ಚಿ ಸೀರೆಗಳನ್ನು ಪೆಟ್ಟಿಗೆಗೆ ಹಾಕಿದಳು. ಆಮೇಲೆ ಕಾಯಿಗಳ ಡಬ್ಬಿ ತರಲು ಹೇಳಿದಳು. ಒಂದೊಂದೇ ಕಾಯಿ ಬೆರಳಲ್ಲಿ ಸವರಿ, ಆ ತಗಡು ನಿನ್ನನ್ನು ಹೆಂಗೆ ಸೋಲಿಸ್ತು ತೋರಿಸು ಎಂದಳು. ಸೋತ ವಿಷಯ ನಾನು ಹೇಳಿಯೇ ಇರಲಿಲ್ಲ. ಜಗುಲಿಯ ಮೇಲೆ ಇಟ್ಟು ತೋರಿಸಿದೆ. ಅವಳು ಮುಟ್ಟಿ ಮುಟ್ಟಿ ನೋಡಿದಳು. "ಇಲ್ಲಿ ಕಾಲಾಳು ಮಂತ್ರಿ ಆಯ್ತಿತ್ತಲ್ಲೋ. ಯಾಕ್ಲಾ ಬಿಟ್ಟೆ?" ಎಂದಳು. ಬೋಳಾದರೆ ಬಿಡುತ್ತದೆ ಅಂದುಕೊಂಡೆ ಅಕ್ಕ, ಕಾಯಿದೆ ಇದೆಯಲ್ಲ ಎಂದೆ.

ಅವಳು ಬಳಪದ ರಾಜನನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಆಮೇಲೆ ಹೇಳಿದಳು: "ಅದು ಕಾಯಿದೆ ಅಲ್ಲ ಕಣ್ಲಾ. ಚಿಕ್ಕೋನಿದ್ದಾಗ ಸೋತ್ರೆ ನೀನು ಉಸಿರು ಕಟ್ಟಂಗೆ ಅಳ್ತಿದ್ದೆ. ಅಪ್ಪ ಎದ್ದು ಬಂದು ಇಬ್ಬರಿಗೂ ಹೊಡೀತಿದ್ದ. ನೀನು ಅಳಬಾರ್ದು ಅಂತ ಅವತ್ತು ನಾನೇ ಕಟ್ಟಿ ಏಳಿದ್ದು. ಎಲ್ಲೂ ಇಲ್ಲ ಅಂಥ ಕಾಯಿದೆ."

ನಲವತ್ತೆಂಟು ವರ್ಷದವನು ನಾನು. ಬೂದಿಕೋಟೆಗೆಲ್ಲ ಆ ಕಾಯಿದೆ ಕಲಿಸಿದೆ. ಅದನ್ನು ನಂಬಿಕೊಂಡೇ ಬದುಕಿದೆ.

ಎಷ್ಟು ಹೋಯಿತು ಎಂದು ಕೇಳಿದಳು. ನೂರೋ ನೂರೈವತ್ತೋ ಎಂದೆ. ಅವಳು ನಕ್ಕಳು. ಆದಿಗೆ ಒಂದು ಕಾಗದ ಬರಿ ಎಂದಳು. ಕಾಲುನೋವಿನಲ್ಲೂ ಬರೆಯುತ್ತಿದ್ದೇನೆ.

ನೀನು ಬಾ. ಬಂದು ಅವಳ ಪಕ್ಕ ಕೂರು. ಇನ್ನು ಮೇಲೆ ದುಡ್ಡು ಕಳಿಸುವುದಾದರೆ ಪಾಪಕ್ಕನ ಹೆಸರಿಗೆ ಕಳಿಸು, ನನ್ನ ಹೆಸರಿಗೆ ಒಂದು ಪೈಸೆಯೂ ಬೇಡ. ನನ್ನನ್ನು ಮನೆಯಿಂದ ಹೊರಗೆ ಹಾಕಬೇಕು ಅನ್ನಿಸಿದರೆ ಹಾಕು, ಬೋಳು ರಾಜನಿಗೆ ಯಾವ ಕಾಯಿದೆಯೂ ಇಲ್ಲ ಎಂದು ಈಗ ನನಗೆ ಗೊತ್ತು. ನಿನ್ನ ಕೈಗೆ ತೆಂಗಿನೆಣ್ಣೆ ಹಚ್ಚಿಕೋ, ಬೆರಳ ಸಂದಿನಲ್ಲಿ ಬಿರುಕು ಬಿಡದ ಹಾಗೆ ನೋಡಿಕೋ.

ಬೈಸಿಕೊಳ್ಳಲು ತಯಾರಾಗಿ ಕೂತಿರುವ,
ನಿನ್ನ ಮಾವ
ಕೋದಂಡಪ್ಪ

ಮರೆತದ್ದು: ಕಾಲಿಗೆ ಮುಳ್ಳು ಚುಚ್ಚಿಲ್ಲ. ಬೂದಿಕೋಟೆ ಎಂದು ಮೇಲೆ ಬರೆದದ್ದೂ ಸುಳ್ಳು. ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಕ ಕಾಗದ ಬರಿ ಎಂದಿರಲಿಲ್ಲ. "ಕಾಗದದಾಗೆ ಬರೀಬ್ಯಾಡ, ಕಾಗದದಾಗೆ ನೀನು ಸುಳ್ಳು ಬರೀತೀಯ. ಓಗಿ ಅವಳ ಮುಂದೆ ಕೂತ್ಕಂಡು ನಿಜ ಏಳು" ಎಂದು ಸೆರಗಿನ ಗಂಟು ಬಿಚ್ಚಿ, ನೋಟುಗಳನ್ನು ಬೆರಳಲ್ಲಿ ಅಳೆದು ಅಳೆದು, ಶಿಡ್ಲಘಟ್ಟಕ್ಕೆ ಹೋಗಿಬರಲು ಮೂವತ್ತು ರೂಪಾಯಿ ಕೊಟ್ಟಳು. ನಾನು ಬಸ್ಸು ಹತ್ತಿದ್ದು ಆಂಡರ್ಸನ್‌ಪೇಟೆಗೆ. ಈ ಸಲ ಕಾಲಾಳನ್ನು ಬಿಡಲಿಲ್ಲ, ತಳ್ಳುತ್ತಲೇ ಹೋದೆ. ಆದರೂ ಆ ರಾಗ ಹಾಡಿತು. ಈ ಕಾಗದ, ಕವರು, ಸ್ಟಾಂಪು ಆರುಮುಗಂ ಕೊಟ್ಟದ್ದು. ನಾನು ಈಗ ನಿನ್ನ ಮುಂದೆ ಕೂತು ತಲೆ ತಗ್ಗಿಸಿಕೊಂಡಿದ್ದೇನೆ ಎಂದು ನಿಮ್ಮಮ್ಮ ತಿಳಿದಿದ್ದಾಳೆ. ನಾನು ಸೋತದ್ದು ಒಂಬೈನೂರು, ಮುನ್ನೂರೈವತ್ತು, ಈ ಮೂವತ್ತು. ಒಟ್ಟು ಸಾವಿರದ ಇನ್ನೂರ ಎಂಬತ್ತು ರೂಪಾಯಿ.